ಬಾರದವರ ಕಾಯಿ

ಕಂತು ಒಂಬತ್ತು

“ಮುಟ್ಬೇಡಿ ದಫೇದಾರಮ್ಮ!”

ಗಣೇಶ ಕೂಗಿದ ರಭಸಕ್ಕೆ ನನ್ನ ಬೆರಳು ಮೇಜಿನಿಂದ ಗೇಣುದ್ದ ಮೇಲೆಯೇ ನಿಂತಿತು. ಮೂವತ್ತೊಂದು ವರ್ಷದ ಪೊಲೀಸ್ ಕೆಲಸದಲ್ಲಿ ಊರಿಗೆಲ್ಲ ಹೇಳಿಕೊಂಡು ಬಂದ ಮಾತನ್ನು ಟಯರ್ ಅಂಗಡಿಯವನೊಬ್ಬ ನನಗೇ ತಿರುಗಿಸಿ ಹೇಳಿದ್ದು ಅದೇ ಮೊದಲು.

“ಯಾಕಪ್ಪ, ಕರೆಂಟ್ ಹೊಡಿತೈತಾ?”

“ಹಂಗಲ್ಲ ಕಣ್ರೀ. ಬಾರದೋರ ಕಾಯಿ ಮುಟ್ಬಾರ್ದು. ಆಟದ ಕಟ್ಟಳೆ ಅದು.”

ಅಷ್ಟು ಹೇಳಿದವನು ತಟ್ಟನೆ ಬಾಯಿ ಮುಚ್ಚಿದ. ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದ.

ನಾನು ಕೇಳಿಸದವಳ ಹಾಗೆ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜಿಕೊಂಡೆ. ರಿಟೈರ್ ಆದ ಹೆಂಗಸಿಗೆ ಕಿವಿ ಮಂದ ಎಂದು ಜನ ತಾವಾಗಿಯೇ ನಂಬಿಕೊಳ್ಳುತ್ತಾರೆ. ನಂಬಲಿ ಎಂದು ನಾನೂ ಬಿಟ್ಟಿದ್ದೇನೆ.

ಸಿದ್ದು ಕಾಣೆಯಾಗಿ ಅಂದಿಗೆ ಹನ್ನೆರಡು ದಿನ. ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು ಭಾನುವಾರ ಸಂಜೆ ಐದಕ್ಕೆ ಆನೇಮಹಲಿನ ಈ ಕೋಣೆಯಿಂದ ಇಳಿದು ಹೋದ, ಮನೆ ಸೇರಲಿಲ್ಲ. ಅವನ ಬೈಕು ಮಾತ್ರ ಸಕಲೇಶಪುರದ ಹೇಮಾವತಿ ಸೇತುವೆಯ ಪಕ್ಕ ಸಿಕ್ಕಿತು.

ಹೊಳೆಗೆ ಹಾರಿರಬೇಕು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಒಪ್ಪದವಳು ಅವನ ಅಕ್ಕ ತನುಜಾ ಒಬ್ಬಳೇ. ಆಲೂರಿನಲ್ಲಿ ನಾನು ನಡೆಸುವ ಜೆರಾಕ್ಸ್ ಅಂಗಡಿಗೆ ಬಂದು, “ನನ್ ತಮ್ಮ ಬದುಕವ್ನೆ ಕಣಕ್ಕ, ಹುಡುಕ್ಕೊಡು” ಎಂದು ಎರಡೂ ಕೈ ಹಿಡಿದುಕೊಂಡಿದ್ದಳು. ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ನನಗೆ ಬರುವುದಿಲ್ಲ.

ಗಣೇಶನ ಟಯರ್ ಅಂಗಡಿಯ ಮೇಲಿನ ಕೋಣೆ ಇದು. ಏಳು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಇಲ್ಲಿ ನಡೆಯುತ್ತಿದ್ದದ್ದನ್ನು ಅವರು ಕಥೆಯಾಟ ಎನ್ನುತ್ತಿದ್ದರು. ಸಿದ್ದು ಕಥೆಗಾರ. ಉಳಿದವರು ಅವನ ಕಥೆಯೊಳಗೆ ಒಬ್ಬೊಬ್ಬ ಪಾತ್ರವಾಗಿ ಬದುಕುವವರು. ಮುಂದೆ ಸೇತುವೆ ಇದೆ, ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ. ಇವರು ಹೇಳುತ್ತಾರೆ. ಇಪ್ಪತ್ತು ಮುಖದ ದಾಳ ಉರುಳುತ್ತದೆ, ಬಿದ್ದ ಅಂಕಿಯೇ ಹಣೆಬರಹ; ಇಪ್ಪತ್ತಾದರೆ ಗೆಲುವು, ಒಂದಾದರೆ ಕೇಡು.

ಮೊದಲು ಕೇಳಿದಾಗ ಇದು ಇಸ್ಪೀಟಿನ ಅಡ್ಡೆಗೆ ಇಟ್ಟ ಮರ್ಯಾದಸ್ಥ ಹೆಸರೇ ಇರಬೇಕು ಅಂದುಕೊಂಡಿದ್ದೆ. ಈಗ ಮೇಜಿನ ತುಂಬ ಹಾಸಿದ್ದ ನಕ್ಷೆ ನೋಡುತ್ತಾ ನಿಂತರೆ ಸಣ್ಣಗೆ ಹೊಟ್ಟೆಕಿಚ್ಚೇ ಆಯಿತು. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಿದ್ದ ಹಳೆಯ ಫ್ಲೆಕ್ಸನ್ನು ಮಗುಚಿ ಹಾಕಿ, ಅದರ ಬಿಳಿ ಬೆನ್ನಿನ ಮೇಲೆ ಗುಡ್ಡ, ಕಾಡು, ಹೊಳೆ, ಕೋಟೆ ಎಲ್ಲವನ್ನೂ ಬರೆದಿದ್ದರು. ಬೆಳೆದ ಮಕ್ಕಳಿರುವ ವಯಸ್ಸಿನವರು ಇಷ್ಟು ಮನಸ್ಸಿಟ್ಟು ಆಡಿದ್ದಾರಲ್ಲ ಎನ್ನಿಸಿತು.

ಪಾತ್ರಕ್ಕೊಂದು ಬಣ್ಣ ಬಳಿದ ಗಜ್ಜುಗದ ಕಾಯಿ. ನೀಲಿ ಗಣೇಶನದು, ಅದು ಹೊಳೆಯಾಚೆ ಕೋಟೆ ಬಾಗಿಲಲ್ಲಿತ್ತು. ಅದರ ಪಕ್ಕದಲ್ಲಿ ಬಣ್ಣ ಮಾಸಿದ ಹಳದಿ ಕಾಯಿಯೊಂದಿತ್ತು. ಕೆಂಪು ಕಾಯಿ ಮಾತ್ರ ದೂರ, ನಕ್ಷೆಯ ಮೂಲೆಯಲ್ಲಿಟ್ಟ ಚಪ್ಪಟೆ ಹೊಳೆಗಲ್ಲಿನ ಮೇಲೆ ಒಂದೇ ಕೂತಿತ್ತು. ನಾನು ಮುಟ್ಟಲು ಹೋದದ್ದು ಅದನ್ನೇ.

ಸಿದ್ದು ಆಟದ ಕಥೆ ಬರೆದಿಡುತ್ತಿದ್ದ ದಪ್ಪ ಪುಸ್ತಕ ಅಲ್ಲೇ ಇತ್ತು. ಮೊದಲ ಪುಟದಲ್ಲಿ ದುಂಡನೆಯ ಅಕ್ಷರದಲ್ಲಿ ಮೂರು ಸಾಲು:

ಬಾರದವರ ಕಾಯಿ ಮಲಗುಗಲ್ಲಿನ ಮೇಲೆ. ಅವರು ಬರುವತನಕ ಯಾರೂ ಮುಟ್ಟುವಂತಿಲ್ಲ.

ಸತ್ತವರ ಕಾಯಿ ಮಡಕೆಗೆ.

ಕಥೆಗಾರನಿಗೆ ಕಾಯಿಲ್ಲ.

“ಕೆಂಪು ಯಾರ್ದಪ್ಪ?” ಎಂದೆ, ಪುಸ್ತಕದಿಂದ ತಲೆ ಎತ್ತದೆ.

“ಶ್ರೀನಾಥಂದು.” ಅವನ ದನಿ ಸಣ್ಣದಾಗಿತ್ತು.

ಹೋಂಸ್ಟೇ ನಡೆಸುವ ಶ್ರೀನಾಥ್ ಆ ಭಾನುವಾರ ಐದು ಗಂಟೆತನಕ ಇದೇ ಮೇಜಿನ ಮುಂದೆ ಇದ್ದೆ ಎಂದು ಪೊಲೀಸರಿಗೂ ನನಗೂ ಹೇಳಿದ್ದ. ಹೌದು ಎಂದು ಸಾಕ್ಷಿ ನುಡಿದವನು ಇದೇ ಗಣೇಶ. ಬಂದವನ ಕಾಯಿ ಬಾರದವರ ಕಲ್ಲಿನ ಮೇಲೆ ಯಾಕೆ ಮಲಗಿತು?

ಕೇಳಬಹುದಿತ್ತು. ಕೇಳಲಿಲ್ಲ. ಮೊದಲ ಸುಳ್ಳು ಸಿಕ್ಕ ತಕ್ಷಣ ಮೇಲೆ ಬಿದ್ದರೆ ಎರಡನೆಯದು ಒಳಗೇ ಉಳಿದುಬಿಡುತ್ತದೆ.

“ಅವತ್ತು ಯಾರ್ಯಾರಿದ್ರಿ ಅಂದೆ?”

“ಹೇಳಿದ್ನಲ್ಲಮ್ಮ. ಸಿದ್ದು, ನಾನು, ಶ್ರೀನಾಥ. ಮೂರೇ ಜನ.”

“ಈ ಹಳದಿ?”

“ಹಳೇದು. ಸುಮ್ನೆ ಅಲ್ಲೈತೆ.”

ಸುಮ್ಮನೆ ಇದ್ದದ್ದು ಕೋಟೆ ಬಾಗಿಲ ತನಕ ಹೇಗೆ ಹೋಯಿತೋ. ನಕ್ಷೆಯ ಮೇಲೆ ಬಗ್ಗಿದೆ. ಹೊಳೆಗೆ ಅಡ್ಡಲಾಗಿ ಬರೆದಿದ್ದ ಸೇತುವೆಯ ಜಾಗದಲ್ಲಿ ಫ್ಲೆಕ್ಸು ಹರಿದಿತ್ತು. ಹರಿದದ್ದನ್ನು ಯಾರೋ ಹಳದಿ ದಾರದಲ್ಲಿ ಹೊಲಿದಿದ್ದರು. ಒಂದೇ ಅಳತೆಯ ಪುಟ್ಟ ಪುಟ್ಟ ಹೊಲಿಗೆ, ಒಂದೂ ಓರೆಯಿಲ್ಲ. ಟಯರಿಗೆ ತೇಪೆ ಹಾಕುವವನ ಕೈಕೆಲಸ ಅದಲ್ಲ.

ಕಿಟಕಿ ಪಕ್ಕದ ಗೂಡಿನಲ್ಲಿ, ಬಾಯಿಗೆ ಬಟ್ಟೆ ಕಟ್ಟಿದ ಮಡಕೆ ಇತ್ತು. ಎತ್ತಿ ಅಲುಗಿಸಿದೆ. ಒಳಗೆ ಕಾಯಿಗಳು ಗಲಗಲ ಎಂದವು.

“ಸತ್ತೋರು. ಏಳು ವರ್ಷದ್ದು,” ಎಂದ ಗಣೇಶ.

ಸತ್ತವರನ್ನು ಎಣಿಸುವ ಕೆಲಸದಿಂದ ನಾನು ರಿಟೈರ್ ಆಗಿದ್ದೇನೆ ಎಂದುಕೊಂಡು ಹಾಗೇ ಇಟ್ಟೆ. ಮೊಬೈಲಿನಲ್ಲಿ ನಕ್ಷೆಯ ನಾಲ್ಕು ಫೋಟೊ ತೆಗೆದೆ.

“ಈ ಕೋಣೆ ಬೀಗದ ಕೈ ಎಷ್ಟು?”

“ಎರಡು. ಒಂದು ನನ್ತಾವ, ಇನ್ನೊಂದು ಸಿದ್ದು ತಾವ.”

ಸಿದ್ದುವಿನದು ಬೈಕಿನಲ್ಲಿ ಸಿಕ್ಕಿರಲಿಲ್ಲ. ಅದು ನನಗೆ ಗೊತ್ತಿತ್ತು.

“ಆ ಭಾನುವಾರ ಆದ್ಮೇಲೆ ಮೇಲಕ್ಕೆ ಬಂದಿದ್ದಾ?”

“ಇಲ್ಲ ಕಣ್ರೀ, ನನ್ನಾಣೆಗೂ. ಹಾಕಿದ್ ಬೀಗ ಹಾಕ್ದಂಗೇ ಇತ್ತು. ಮನಸೇ ಬರಲಿಲ್ಲ. ಇವತ್ತೇ ತೆಗ್ದಿದ್ದು, ಅದೂ ನಿಮಗೋಸ್ಕರ.” ಅವನ ಕಣ್ಣು ನಿಜಕ್ಕೂ ತುಂಬಿತ್ತು. ಕಣ್ಣೀರಿಗೂ ಸತ್ಯಕ್ಕೂ ನೆಂಟಸ್ತನ ಇರಲೇಬೇಕೆಂದೇನೂ ಇಲ್ಲವಲ್ಲ, ನಾನು ಬೀಗದ ಕೈಗೆ ಕೈ ಚಾಚಿದೆ.

“ಸಂಜೆತಂಕ ಇದು ನನ್ ಹತ್ರ ಇರ್ಲಿ.”

ಕೊಟ್ಟ. ಕೊಡುವ ಮುಂಚೆ ಒಂದು ಕ್ಷಣ ಹಿಡಿದುಕೊಂಡಿದ್ದ.

*

ತನುಜಾ ಬಸ್ ಕಂಡಕ್ಟರ್. ಹೆಗ್ಗದ್ದೆಯಿಂದ ಆಲೂರಿನವರೆಗೆ ದಿನಕ್ಕೆ ಎರಡು ಸಲ ಹೋಗಿಬರುವ ಬಸ್ಸು ಅವಳದು. ಪಾಳ್ಯಕ್ಕೆ ಹೋಗಲು ನಾನು ಅದನ್ನೇ ಹತ್ತಿದೆ.

ಬಾಗಿಲ ಪಕ್ಕದ ಒಂಟಿ ಸೀಟಿನ ಮೇಲೆ ಅವಳ ಚೀಲವಿತ್ತು. ಮಹಾದೇವಯ್ಯ ಎಂಬ ಮುದುಕರು ಕೂರಲು ಹೋದರು. “ಅಜ್ಜ, ಹಿಂದ್ಗಡೆ ಜಾಗ ಐತೆ, ಹೋಗು” ಎಂದು ಕಳಿಸಿದಳು. ಬೈಕು ತರದ ಭಾನುವಾರಗಳಲ್ಲಿ ಸಿದ್ದು ಕೂರುತ್ತಿದ್ದ ಸೀಟು ಅದು. ಹನ್ನೆರಡು ದಿನದಿಂದ ಯಾರನ್ನೂ ಕೂರಿಸಿಲ್ಲ ಎಂದು ಡ್ರೈವರ್ ಕೆಂಚಯ್ಯ ನನಗೆ ಕಣ್ಣಲ್ಲೇ ಹೇಳಿದ.

ಪ್ರತಿ ಸ್ಟಾಪಿನಲ್ಲೂ ಅವಳು ಮೊದಲು ಹತ್ತುವವರ ಮುಖ ನೋಡುತ್ತಿದ್ದಳು. ಆಮೇಲೆ ಕೈ ನೋಡುತ್ತಿದ್ದಳು, ಟಿಕೆಟ್ ಕೊಡುತ್ತಿದ್ದಳು. ಬಾಳುಪೇಟೆಯಲ್ಲಿ ನೀಲಿ ಅಂಗಿಯವನೊಬ್ಬ ಬೆನ್ನು ತೋರಿಸಿ ನಿಂತಿದ್ದ. ಬಸ್ಸು ನಿಲ್ಲುವ ಮುಂಚೆಯೇ ಮೆಟ್ಟಿಲಿಗೆ ಇಳಿದಳು. ಅವನು ತಿರುಗಿದ, ಯಾರೋ. ಸುಮ್ಮನೆ ಸೀಟಿ ಊದಿದಳು.

“ಏನಾದ್ರೂ ಸಿಕ್ತಾ ಅಕ್ಕ?”

“ಒಂದು ಎಳೆ ಸಿಕ್ಕೈತೆ. ಹಳದಿ ದಾರ.”

ಅವಳಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದಳು. ಕಾಯುವವರಿಗೆ ಏನಾದರೊಂದು ಸಿಕ್ಕಿದರೆ ಸಾಕಾಗಿರುತ್ತದೆ.

*

ಪಾಳ್ಯದ ಸುಚಿತ್ರಾ ಲೇಡೀಸ್ ಟೈಲರ್. ಕತ್ತಿನ ಸುತ್ತ ಅಳತೆ ಟೇಪು, ತುಟಿಗಳ ನಡುವೆ ಸೂಜಿ. ಕಥೆಯಾಟದ ನಾಲ್ಕನೆಯವಳು ಅವಳೇ. ಎರಡು ವರ್ಷದ ಹಿಂದೆ ಜಗಳವಾಗಿ ಬಿಟ್ಟವಳು ಆ ಮೆಟ್ಟಿಲು ಮತ್ತೆ ಹತ್ತಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿ, ನಾನು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಇಟ್ಟುಬಿಟ್ಟಿದ್ದಳು.

ಮಾತಾಡದೆ ಮೊಬೈಲನ್ನು ಅವಳ ಮಿಷನ್ನಿನ ಮೇಲಿಟ್ಟೆ. ಹೊಲಿದ ಸೇತುವೆಯ ಫೋಟೊ ತೆರೆದಿತ್ತು. ಪಕ್ಕದಲ್ಲಿ ಅವಳು ಕೈಯಲ್ಲಿ ಮುಗಿಸುತ್ತಿದ್ದ ರವಿಕೆಯ ತೋಳನ್ನೂ ಎಳೆದಿಟ್ಟೆ. ಅದೇ ಹೊಲಿಗೆ, ಅದೇ ಅಳತೆ.

“ಎರಡು ವರ್ಷದ ಹೊಲಿಗೆ ಆಗಿದ್ರೆ ದಾರ ಇಷ್ಟು ಹೊಸದಾಗಿರ್ತಿತ್ತೇನಮ್ಮ?”

ಅವಳು ಸೂಜಿಯನ್ನು ತುಟಿಯಿಂದ ತೆಗೆದು ದಿಂಬಿಗೆ ಚುಚ್ಚಿದಳು.

“ನಾನೇನೂ ಮಾಡಿಲ್ಲ ಅಮ್ಮ.”

“ಮಾಡಿದ್ದಿ ಅಂತ ಯಾರಂದ್ರು? ಬಂದಿದ್ದಿ ಅಂದೆ. ಆ ಭಾನುವಾರ ಶ್ರೀನಾಥನ ಜಾಗ ಖಾಲಿ ಇತ್ತು, ನೀನು ಬಂದು ಕೂತಿದ್ದಿ. ಹೌದೋ ಅಲ್ವೋ?”

ಹೊರಗೆ ಯಾರದೋ ಕಣದಲ್ಲಿ ಕಾಫಿ ಹರವುವ ಸದ್ದು ಸರಸರ ಕೇಳುತ್ತಿತ್ತು.

“ಹೌದು,” ಎಂದಳು.

“ಯಾಕೆ ಮುಚ್ಚಿಟ್ಟೆ?”

“ನಾಚ್ಕೆ ಅಮ್ಮ. ಅವರು ಮಾಡಿದ್ದು ನೋಡಿದ್ರೆ ಇನ್ನೊಂದ್ ಜನ್ಮಕ್ಕೂ ಅತ್ತ ತಲೆ ಹಾಕ್ಬಾರ್ದಿತ್ತು. ಸಿದ್ದು ಒಂದ್ಸಲ ಬಾ ಅಂದ, ಓಡೋಗ್ಬುಟ್ಟೆ. ಕರೆದ ಐದ್ ನಿಮಿಷಕ್ಕೆ ಅಂಗಡಿ ಬಾಗ್ಲು ಹಾಕಿದ್ದೆ.”

ಆಮೇಲೆ ಹೇಳಿದಳು. ಅವಳ ಪಾತ್ರದ ಹೆಸರು ಹೊನ್ನಿ. ಕಾಡಿನ ದಾರಿ ಬಲ್ಲವಳು, ಯಾರಿಗೂ ಹೆದರದವಳು. ಶ್ರೀನಾಥ್ ಆಡುತ್ತಿದ್ದದ್ದು ಒಬ್ಬ ಸರದಾರ. ದಾಳವನ್ನು ಅಂಗೈಯೊಳಗೇ ಉರುಳಿಸಿ, ಯಾರಿಗೂ ತೋರಿಸದೆ ಇಪ್ಪತ್ತು ಬಿತ್ತು ಎನ್ನುವವನು. ಅದನ್ನಾದರೂ ಸಹಿಸಬಹುದಿತ್ತು. ಅವನ ಸರದಾರ ವಾರವಾರವೂ ಹೊನ್ನಿಯನ್ನು ಮದುವೆಯಾಗು ಎಂದು ಕಾಡುತ್ತಿದ್ದ. ಒಲ್ಲೆ ಎಂದರೆ ಎಲ್ಲರೆದುರು ಹೊಲಸು ಮಾತು.

“ಏನ್ರೀ ಇದು ಅಂದ್ರೆ, ಅಂದಿದ್ದು ನಾನಲ್ಲ, ಸರದಾರ ಅನ್ನೋನು. ಆಟದ ಮಾತಿಗೆ ಯಾಕ್ ಉರ್ಕೊಂತೀಯ ಅಂತಿದ್ದ. ಅವನು ಸರದಾರನೇ ಇರ್ಬೋದು, ಕಣ್ಣು ಮಾತ್ರ ನನ್ನನ್ನೇ ನೋಡ್ತಿದ್ವು. ಒಂದಿನ ಸಿದ್ದೂಗೆ ಹೇಳ್ದೆ. ಅವನೋ, ಯಾರ್ನೂ ನೋಯಿಸಬಾರ್ದು ಅನ್ನೋನು. ನೋಡನ ಇರು, ನೋಡನ ಇರು ಅಂದ.”

“ಆಮೇಲೆ?”

“ಅದ್ರ ಮುಂದಿನ ವಾರ ಹಾಸನದಾಗೆ ನಂಗೊಂದು ಪರೀಕ್ಷೆ ಇತ್ತು. ಹೋಗಿದ್ದೆ. ಹೊನ್ನಿ ಮಲಗುಗಲ್ಲಿನ ಮೇಲಿದ್ಳು. ಮುಟ್ಬಾರ್ದಿತ್ತು. ಶ್ರೀನಾಥ ಎತ್ಕೊಂಡ. ಸೇತುವೆ ಗಟ್ಟಿ ಐತಾ ನೋಡಕ್ಕೆ ಇವಳ್ನ ಮುಂದೆ ಕಳ್ಸನ ಅಂದ. ದಾಳ ಹಾಕ್ದ. ಒಂದು ಬಿತ್ತು. ಅವತ್ತು ಮಾತ್ರ ಎಲ್ಲರ್ಗೂ ತೋರಿಸಿ ಹಾಕ್ದ ಅಮ್ಮ.”

ಸೇತುವೆ ಮುರಿಯಿತು. ಆಟದ ಹುಮ್ಮಸ್ಸಿನಲ್ಲಿ ಶ್ರೀನಾಥ್ ಬ್ಲೇಡಿನಿಂದ ನಕ್ಷೆಯನ್ನೂ ಕೊಯ್ದ. ಐದು ವರ್ಷ ಆಡಿ ಬೆಳೆಸಿದ ಹೊನ್ನಿ ಅವಳಿಲ್ಲದ ಮಧ್ಯಾಹ್ನ ಸತ್ತುಹೋದಳು. ಸಿದ್ದು ತಡೆಯಲಿಲ್ಲ, ಗಣೇಶ ತಲೆ ತಗ್ಗಿಸಿ ಕೂತಿದ್ದ.

“ಸತ್ತಿದ್ದೂ ಹೋಗ್ಲಿ. ಇನ್ನೊಂದು ಪಾತ್ರ ಮಾಡ್ಕೊಂಡು ಹೋಗ್ತಿದ್ದೆ, ನಂಗೆ ಅಷ್ಟು ಆಸೆ. ಮೊಬೈಲ್ ಗ್ರೂಪಲ್ಲಿ, ಈ ಭಾನುವಾರ ಎಷ್ಟೊತ್ತಿಗೆ ಅಂತ ಕೇಳ್ದೆ. ಯಾರೂ ಮಾತಾಡ್ಲಿಲ್ಲ. ಮುಂದಿನ ವಾರ ಮತ್ತೆ ಕೇಳ್ದೆ. ಮೂರ್ ತಿಂಗ್ಳು ಕೇಳಿದೀನಿ. ಅವರು ಬೇರೆ ಗ್ರೂಪು ಮಾಡ್ಕೊಂಡ್ಬುಟ್ಟಿದ್ರು. ಆ ಗ್ರೂಪಲ್ಲಿ ನಾನೊಬ್ಳೇ ಇದ್ದಂಗೆ.”

ಫೋನು ತೆಗೆದು ತೋರಿಸಿದಳು. ಸಾಲಾಗಿ ಅವಳದೇ ಪ್ರಶ್ನೆಗಳು. ಈ ಭಾನುವಾರ ಎಷ್ಟೊತ್ತಿಗೆ? ಈ ಭಾನುವಾರ ಆಟ ಐತಾ? ಎಲ್ಲದರ ಪಕ್ಕ ಓದಿದ ಗುರುತು. ಉತ್ತರ ಒಂದೂ ಇಲ್ಲ.

ನನಗೆ ಚಿನ್ನಮ್ಮ ನೆನಪಾದಳು. ಹದಿನಾಲ್ಕು ವರ್ಷ ದಿನಾ ಮಧ್ಯಾಹ್ನ ನನ್ನ ಜೊತೆ ಚೌಕಾಬಾರ ಆಡಿದವಳು. ಹಾಲು ಉಕ್ಕುತ್ತಿದೆ ಎಂದು ಅವಳು ಒಳಗೆ ಓಡಿದಾಗ ನಾನು ಅವಳ ಹಣ್ಣಾಗಲಿದ್ದ ಕಾಯಿಯನ್ನು ಎರಡು ಮನೆ ಹಿಂದಿಟ್ಟೆ. ಬಂದು ನೋಡಿದಳು, ಕವಡೆ ಕೆಳಗಿಟ್ಟಳು, ಮನೆಗೆ ಹೋದಳು. ಒಂಬತ್ತು ವರ್ಷವಾಯಿತು. ಎರಡು ಬೀದಿಯಾಚೆ ಇದ್ದಾಳೆ. ಮಧ್ಯಾಹ್ನ ಮೂರಾದರೆ ಈಗಲೂ ನನ್ನ ಕಿವಿ ಅವಳ ಗೇಟಿನ ಸದ್ದಿಗೆ ಕಾಯುತ್ತದೆ, ಹೋಗಿ ತಪ್ಪಾಯಿತು ಎನ್ನಲು ಮಾತ್ರ ಕಾಲು ಬರುವುದಿಲ್ಲ. ಹಾಗಾಗಿ ಸುಚಿತ್ರಾಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ.

“ಅಷ್ಟೆಲ್ಲ ಆದ್ಮೇಲೂ ಹೋದೆ?”

“ಮನೆ, ಅಂಗಡಿ, ಮನೆ. ಅಷ್ಟೇ ಅಮ್ಮ ನಾನು. ಆ ಮೂರು ಗಂಟೆ ಹೊನ್ನಿ ಆಗ್ತಿದ್ದೆ. ಅಲ್ಲಿ ನನ್ ಮಾತಿಗೆ ಹೊಳೆ ದಾರಿ ಬಿಡ್ತಿತ್ತು.” ಅಷ್ಟು ಹೇಳಿ ಮುಖ ಒರೆಸಿಕೊಂಡಳು. “ಸಿದ್ದು ಫೋನ್ ಮಾಡಿ ತಪ್ಪಾಯ್ತು ಅಂದ. ಎರಡು ವರ್ಷದಿಂದ ನಿದ್ದೆ ಬಂದಿಲ್ಲ, ಹೊನ್ನೀನ ವಾಪಸ್ ತರ್ತೀನಿ, ಬಾ ಅಂದ. ಹೋದ್ರೆ ಮಡಕೆಯಿಂದ ಹೊನ್ನೀದು ಹಳದಿ ಕಾಯಿ ತೆಗೆದಿಟ್ಟಿದ್ದ. ಮಡಕೆಗೆ ಹೋದದ್ದು ಹೊರಗೆ ಬಂದಿದ್ದು ಅದೇ ಮೊದ್ಲು. ಸೇತುವೆ ನೀನೇ ಕಟ್ಟು ಅಂತ ಸೂಜಿ ಕೈಗೆ ಕೊಟ್ಟ.”

“ಶ್ರೀನಾಥ?”

“ಬಂದಿರ್ಲಿಲ್ಲ. ಅವನಿಲ್ಲದ ದಿನ ನೋಡಿಯೇ ನನ್ನ ಕರೆದಿದ್ದು. ಆಮೇಲೆ ನಾನೇ ಅವನ್ಗೆ ಹೇಳ್ತೀನಿ, ಅಲ್ಲೀತಂಕ ಬಾಯಿ ಬಿಡ್ಬೇಡ ಅಂತ ಭಾಷೆ ತಗಂಡ. ಗಣೇಶಣ್ಣಂಗೂ ಅದನ್ನೇ ಹೇಳಿದ್ದ.”

“ಅಲ್ಲಮ್ಮ, ಹೊಳೆ ಜಾಲಾಡಿದ್ರು, ಅವರಕ್ಕ ಹನ್ನೆರಡು ದಿನದಿಂದ ಸರಿಯಾಗಿ ಉಂಡಿಲ್ಲ. ಆಗ್ಲೂ ಬಾಯಿ ಬಿಡ್ಬಾರ್ದಾ?” ನನ್ನ ದನಿ ಸ್ಟೇಷನ್ನಿನ ದನಿಯಾಗಿತ್ತು.

ಅವಳು ಬೆಚ್ಚಲಿಲ್ಲ. ನಿಧಾನವಾಗಿ ಹೇಳಿದಳು. “ಹೋದ್ಸಲ ಬಾಯಿ ಬಿಟ್ಟಿದ್ದಕ್ಕೇ ಅಲ್ವಾ ಅಮ್ಮ ನನ್ನ ಆಟ ಹೋಗಿದ್ದು? ಈ ಸಲನೂ ಬಿಟ್ರೆ 'ನೋಡು, ಇವಳು ಹಿಂಗೇ' ಅಂತಾರೆ. ಅದೂ ಅಲ್ದೆ ಅವನು ಹೋಗಿರೋದು ಹೊಳೆಗಲ್ಲ. ಬರ್ತಾನೆ. ನಾಡಿದ್ದು ಬರ್ತಾನೆ.”

“ಏನಂದೆ?”

“ಆಟ ಮುಗಿಯೋ ಹೊತ್ತಿಗೆ ಲಾರಿ ಪಂಕ್ಚರ್ ಅಂತ ಗಣೇಶಣ್ಣ ಕೆಳಗೆ ಹೋದ. ಆವಾಗ ಸಿದ್ದು ಜೇಬಿಂದ ಒಂದು ಗಜ್ಜುಗ ತೆಗ್ದ. ಬಣ್ಣ ಹಚ್ಚಿರ್ಲಿಲ್ಲ. ಇದು ನಂದು ಅಂದ. ಕಥೆಗಾರಂಗೆ ಕಾಯಿಲ್ಲ ಅಲ್ವಾ ಅಂದೆ. ನಕ್ಕ. ಬರೋ ಭಾನುವಾರ ನಾನಿರಲ್ಲ ಸುಚಿ, ಒಂದು ಕೆಲ್ಸ ಐತೆ. ಅದರ ಮುಂದಿನ ಭಾನುವಾರ ಎರಡು ಗಂಟೆಗೆ ಸರಿಯಾಗಿ ಇಲ್ಲಿರ್ತೀನಿ, ಅಲ್ಲೀತಂಕ ನನ್ ಕಾಯೀನೂ ಮಲಗಿರ್ಲಿ ಅಂತ ತಾನೇ ಕಲ್ಲಿನ ಮೇಲಿಟ್ಟ. ನಾವಿಬ್ರೂ ಒಟ್ಗೇ ಇಳಿದ್ವಿ. ಅವನೇ ಬೀಗ ಹಾಕ್ದ. ನನ್ನ ಬಸ್ ಹತ್ತಿಸಿ ಕೈ ಬೀಸ್ದ.”

ನಾಡಿದ್ದೇ ಆ ಭಾನುವಾರ.

“ಮಲಗುಗಲ್ಲಿನ ಮೇಲಿರೋರು ಬರೋರು ಅಂತಾನೇ ಅರ್ಥ ಅಮ್ಮ,” ಎಂದಳು. “ಬರೋದಿಲ್ಲ ಅಂದಿದ್ರೆ ಇಡ್ತಿದ್ನಾ?”

ನಾನು ಮೊಬೈಲನ್ನು ನನ್ನ ಕಡೆ ತಿರುಗಿಸಿಕೊಂಡು ಕಲ್ಲಿನ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿದೆ. ಕಲ್ಲಿನ ಮೇಲೆ ಕೆಂಪು ಕಾಯಿ ಇತ್ತು. ಅದರ ಪಕ್ಕ ಏನೂ ಇರಲಿಲ್ಲ.

ಉರುಳಿ ಕೆಳಗೆ ಬಿದ್ದಿರಬೇಕು ಎಂದುಕೊಂಡೆ. ಹೆದ್ದಾರಿ ಪಕ್ಕದ ಕೋಣೆ, ಲಾರಿ ಹೋದರೆ ಮೇಜು ಅದುರುತ್ತದೆ. ಹಾಗೆಯೇ ಆಗಿರಲಿ ಎಂದು ದೇವರನ್ನೂ ಕೇಳಿಕೊಂಡೆ. ಅವನೊಡನೆ ನನ್ನ ವ್ಯವಹಾರ ಕಡಿಮೆ.

“ಟೇಪು ತೆಗೆದಿಡು. ನನ್ ಜೊತೆ ಬಾ,” ಎಂದೆ.

*

ಮೂರೂವರೆಯ ಬಸ್ಸಿನಲ್ಲಿ ನಾನು ತಡೆಯುವ ಮೊದಲೇ ಸುಚಿತ್ರಾ ತನುಜಾಗೆ ಎಲ್ಲವನ್ನೂ ಹೇಳಿಬಿಟ್ಟಳು. ತಪ್ಪಾಯ್ತು ಅಕ್ಕ ಎಂದು ಕಾಲಿಗೇ ಬೀಳಲು ಹೋದಳು. ಎರಡು ವರ್ಷದಿಂದ ಬಾಯಿಗೆ ಹಾಕಿದ ಹೊಲಿಗೆ ಬಿಚ್ಚಿದ ಮೇಲೆ ನಿಲ್ಲಿಸುವುದು ಹೇಗೆ?

ತನುಜಾ ಟಿಕೆಟ್ ಮಿಷನ್ ಹಿಡಿದು ಹಾಗೇ ನಿಂತಳು. “ಇನ್ನೊಂದ್ಸಲ ಹೇಳು. ಎರಡು ಗಂಟೆಗೆ ಸರಿಯಾಗಿ ಅಂದ್ನಾ?”

“ಎರಡು ಗಂಟೆಗೆ ಸರಿಯಾಗಿ ಅಂದ ಅಕ್ಕ.”

“ಕಾಯಿ ತಾನೇ ಇಟ್ನಾ?”

“ತಾನೇ ಇಟ್ಟ.”

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸುಚಿತ್ರಾಳ ಗಲ್ಲ ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. ಬಾಳುಪೇಟೆಯಲ್ಲಿ ಕಡಲೆಕಾಯಿ ಕೊಂಡು ಬಸ್ಸಿನವರಿಗೆಲ್ಲ ಒಂದೊಂದು ಹಿಡಿ ಹಂಚಿ ತಾನೂ ತಿಂದಳು. ಹನ್ನೆರಡು ದಿನದ ಮೇಲೆ ಅವಳು ಹಸಿದು ತಿಂದದ್ದು ಅದೇ ಮೊದಲು. ಕೆಂಚಯ್ಯ ಕನ್ನಡಿಯಲ್ಲಿ ನೋಡಿ ಮೀಸೆಯಲ್ಲೇ ನಗುತ್ತಿದ್ದ.

ನನ್ನ ಪಾಲಿನ ಕಡಲೆಕಾಯಿ ಸೆರಗಿನಲ್ಲೇ ಉಳಿಯಿತು. ಫೋಟೊದ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಆನೇಮಹಲಿನಲ್ಲಿ ಕೆಂಚಯ್ಯನ ಟೀಗೆಂದು ಬಸ್ಸು ಐದು ನಿಮಿಷ ನಿಲ್ಲುತ್ತದೆ. “ನೀನು ಇಲ್ಲೇ ಇರು, ಮೇಲೆ ಧೂಳು” ಎಂದು ತನುಜಾಳನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, ಸುಚಿತ್ರಾಳನ್ನು ಕರೆದುಕೊಂಡು ಹತ್ತಿದೆ. ಗಣೇಶ ಜಾಕಿಯ ಮೇಲೆ ಬಗ್ಗಿದ್ದವನು ಸುಚಿತ್ರಾಳನ್ನು ನೋಡಿ ಎದ್ದು ನಿಂತ.

ಬೀಗ ನಾನು ಹಾಕಿದಂತೆಯೇ ಇತ್ತು. ಕಲ್ಲಿನ ಮೇಲೆ ಕೆಂಪು ಕಾಯಿಯೂ ಹಾಗೇ ಇತ್ತು.

“ಎಲ್ಲಿ ಅಮ್ಮ ಸಿದ್ದುದು?” ಎಂದಳು ಸುಚಿತ್ರಾ.

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಕುರ್ಚಿ ಸರಿಸಿದೆ, ನಕ್ಷೆಯ ಅಂಚು ಎತ್ತಿದೆ, ಬಾಗಿಲ ಸಂದಿಯಲ್ಲಿ ಬೆರಳಾಡಿಸಿದೆ. ಮಂಡಿಯೂರಿದ್ದವಳು ಏಳುವಾಗ ಕಿಟಕಿ ಪಕ್ಕದ ಗೂಡು ನೇರ ಕಣ್ಣಿಗೆ ಬಿತ್ತು.

ಬೇಡ ಎನ್ನುತ್ತಿತ್ತು ಮನಸ್ಸು. ಆದರೂ ಮಡಕೆಯ ಬಟ್ಟೆ ಬಿಚ್ಚಿದೆ.

ಸಿದ್ದುವಿನ ಪುಸ್ತಕದ ಕೊನೆಯ ಪುಟದಲ್ಲಿ ಸತ್ತ ಪಾತ್ರಗಳ ಪಟ್ಟಿ ಇತ್ತು. ಹನ್ನೊಂದು ಹೆಸರು. ಹೊನ್ನಿಯ ಹೆಸರಿಗೆ ಹೊಸ ಇಂಕಿನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಬಂದಳು' ಎಂದು ಬರೆದಿದ್ದ. ಹಾಗಾದರೆ ಮಡಕೆಯಲ್ಲಿ ಹತ್ತು ಕಾಯಿ ಇರಬೇಕು.

ನಕ್ಷೆಯ ಮೇಲೆ ಸುರಿದು ಎಣಿಸಿದೆ. ಹನ್ನೊಂದಿದ್ದವು.

ಹನ್ನೊಂದನೆಯದಕ್ಕೆ ಬಣ್ಣ ಹಚ್ಚಿರಲಿಲ್ಲ.

ಸುಚಿತ್ರಾ ಕುರ್ಚಿ ಹಿಡಿದು ಕೂತಳು. “ಅಮ್ಮ... ಮಡಕೆಗೆ ಸುಮ್‌ಸುಮ್ನೆ ಯಾರೂ ಹಾಕಲ್ಲ. ಜಗಳ ಆಡಿದ್ರೂ ಹಾಕಲ್ಲ. ಶ್ರೀನಾಥನೂ ಹಾಕಲ್ಲ. ಸತ್ತಿದ್ದು ಗೊತ್ತಿದ್ರೆ ಮಾತ್ರ.”

ನನಗೂ ಗೊತ್ತಾಗಿತ್ತು. ಪೊಲೀಸರಿಗೆ ಹೆಣ ಸಿಕ್ಕಿಲ್ಲ, ಅಕ್ಕನಿಗೆ ನಂಬಿಕೆ ಹೋಗಿಲ್ಲ, ಊರಿನವರದು ಬರೀ ಅಂದಾಜು. ಆದರೆ ಈ ಹನ್ನೆರಡು ದಿನದೊಳಗೆ ಒಬ್ಬರು ಇಲ್ಲಿಗೆ ಬಂದಿದ್ದರು. ಕಲ್ಲಿನ ಮೇಲಿನ ಬಣ್ಣವಿಲ್ಲದ ಕಾಯಿಯನ್ನು ನೋಡಿ ಇದು ಸಿದ್ದುವಿನದು ಎಂದು ತಿಳಿದಿದ್ದರು. ಅವನು ನಾಡಿದ್ದು ಬರುವುದಿಲ್ಲ ಎಂದೂ ತಿಳಿದಿದ್ದರು. ಏಳು ವರ್ಷದ ರೂಢಿ ಅವರ ಕೈ ಬಿಟ್ಟಿರಲಿಲ್ಲ. ಸತ್ತವನ ಕಾಯಿಯನ್ನು ಎತ್ತಿ, ಮಡಕೆಗೆ ಹಾಕಿ, ಬಟ್ಟೆ ಕಟ್ಟಿ, ಬೀಗ ಹಾಕಿಕೊಂಡು ಹೋಗಿದ್ದರು.

ಬೀಗದ ಕೈಗಳು ಎರಡೇ. ಒಂದು ಗಣೇಶನದು. ಇನ್ನೊಂದು ಸಿದ್ದುವಿನ ಜೊತೆಗೇ ಹೋದದ್ದು, ಈಗ ಯಾರ ಜೇಬಿನಲ್ಲಿದೆಯೋ ಗೊತ್ತಿಲ್ಲದ್ದು.

ಕೆಳಗೆ ಕೆಂಚಯ್ಯ ಹಾರ್ನ್ ಬಾರಿಸಿದ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ಅರ್ಧಕ್ಕೆ ನಿಂತಿತು.

“ಅಕ್ಕಾ!” ತನುಜಾಳ ದನಿ. ಅಷ್ಟು ಹಗುರವಾದ ದನಿಯನ್ನು ನಾನು ಅವಳಲ್ಲಿ ಕೇಳಿಯೇ ಇರಲಿಲ್ಲ. “ಟೈಮ್ ಆಯ್ತು, ನಾನ್ ಹೋಗ್ಬೇಕು. ಅವನ ಕಾಯಿ ಐತಾ?”

ಸುಚಿತ್ರಾ ನನ್ನ ಮುಖ ನೋಡಿದಳು. ನನ್ನ ಅಂಗೈಯಲ್ಲಿ ಆ ಗಜ್ಜುಗ ತಣ್ಣಗಿತ್ತು. ಇದೇ ಮಡಕೆಯಿಂದ ಒಬ್ಬಳು ಹೊರಗೆ ಬಂದಿದ್ದಳಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅವಳನ್ನು ತಂದವನೇ ಈಗ ಒಳಗಿದ್ದ.

“ಐತೆ ಕಣಮ್ಮ,” ಎಂದೆ.

“ನಾಡಿದ್ದು ಅವನ್ಗೆ ಕಡುಬು ಮಾಡ್ಕೊಂಡು ಬತ್ತೀನಿ ಅಕ್ಕ!” ಎಂದು ಕೂಗಿ ಮೆಟ್ಟಿಲು ಇಳಿದು ಓಡಿದಳು. ಸೀಟಿ ಕೇಳಿಸಿತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಬಾಗಿಲ ಪಕ್ಕದ ಒಂಟಿ ಸೀಟಿನಿಂದ ಅವಳು ತನ್ನ ಚೀಲವನ್ನು ತೆಗೆದು, ಸೀಟನ್ನು ಕೈಯಲ್ಲಿ ಚೆನ್ನಾಗಿ ಒರೆಸುತ್ತಿದ್ದಳು.